ಎರಡು ಕೋಣೆ, ಒಳ್ಳೆಯ ಗಾಳಿ

ಮಾರ್ಚ್ 3, ಸೋಮವಾರ

ಬೆಳಗಿನ ಐದೂವರೆಯ ಟ್ರೈನಿಗೆ ಹೆಂಡತಿಯನ್ನು ಹತ್ತಿಸಿ ಬಂದೆ. ಮತ್ತೆ ಮಲಗಲು ಮನಸ್ಸಾಗಲಿಲ್ಲ.

ಎರಡು ಕೋಣೆ, ಬಾಲ್ಕನಿ, ಒಳ್ಳೆಯ ಗಾಳಿ. ದೊಡ್ಡ ಊರಿನಲ್ಲಿ ಇದೇ ಬಾಡಿಗೆಗೆ ಇದ್ದದ್ದು ಒಂದು ಗೂಡು, ಜೊತೆಗೆ ನನ್ನ ಉಬ್ಬಸ. ಈಗ ಜೇಬಿನಲ್ಲಿ ಇನ್ಹೇಲರ್ ಇದೆ ಎನ್ನುವುದೇ ಮರೆತುಹೋಗುತ್ತದೆ. ಈ ಸಣ್ಣ ಊರಿಗೆ ಬಂದದ್ದು ಒಳ್ಳೆಯದೇ ಆಯಿತು.

ನನಗೆ ಕೆಲಸವೂ ಬೇಗ ಸಿಕ್ಕಿತು. ಕನ್ನಡಕದ ಅಂಗಡಿ ಯಾವ ಊರಲ್ಲಿಲ್ಲ? ಅವಳ ಆಸ್ಪತ್ರೆ, ಅವಳ ಲ್ಯಾಬ್ ಮಾತ್ರ ಅಲ್ಲೇ ಉಳಿದವು. ಹೋಗಲು ಎರಡು ಗಂಟೆ, ಬರಲು ಎರಡೂವರೆ. ಯಾಕೆ ಹೆಚ್ಚು ಎಂದರೆ — “ಸಾಯಂಕಾಲ ಟ್ರೈನಿಗೂ ಸುಸ್ತಾಗಿರುತ್ತೆ ರೀ.”

ಮಾರ್ಚ್ 13, ಗುರುವಾರ

ಅವಳು ತನ್ನ ಅಕ್ಕನ ಮನೆಯಲ್ಲಿ ಉಳಿದಳು. ಆಸ್ಪತ್ರೆಯ ಹಿಂದಿನ ಬೀದಿಯೇ. ಟ್ರೈನ್ ಲೇಟಂತೆ. “ಒಂದಿನ ತಾನೆ?” ಅಂದಳು. ಹೌದು, ಒಂದು ದಿನ ತಾನೆ.

ಇಬ್ಬರಿಗೆ ಅನ್ನ ಇಟ್ಟಿದ್ದೆ. ಉಳಿಯಿತು.

ಮಾರ್ಚ್ 25, ಮಂಗಳವಾರ

ಈಗ ಸೋಮವಾರ ಹೋದರೆ ಶುಕ್ರವಾರ ಬರುತ್ತಾಳೆ. ಯಾರೂ ತೀರ್ಮಾನ ಮಾಡಲಿಲ್ಲ. ತಾನಾಗಿಯೇ ಆಯಿತು.

ಕೆಳಗಿನ ಓನರ್ ಅಮ್ಮ ಮೆಟ್ಟಿಲಲ್ಲಿ ಹಿಡಿದರು. “ಏನಪ್ಪಾ, ಒಂದು ಪಾತ್ರೆ ಬಿದ್ದ ಸದ್ದಿಲ್ಲ, ಗಂಡ ಹೆಂಡ್ತಿ ಜಗಳ ಇಲ್ಲ. ಮೇಲೆ ಜನ ಇದ್ದೀರಾ ಇಲ್ವಾ?”

ನಕ್ಕೆ. ಮೇಲೆ ಬಂದು ಸುಮ್ಮನೆ ಒಂದು ಲೋಟ ಬೀಳಿಸಿದೆ. ಆಮೇಲೆ ನಾಚಿಕೆಯಾಯಿತು.

ಏಪ್ರಿಲ್ 6, ಭಾನುವಾರ

ಅವಳು ಬಂದಿದ್ದಾಳೆ. ಊಟದ ಹೊತ್ತು ಬಿಟ್ಟರೆ ನಿನ್ನೆ ಮಧ್ಯಾಹ್ನದಿಂದ ನಿದ್ದೆಯೇ. ಎಬ್ಬಿಸಲು ಮನಸ್ಸು ಬರಲಿಲ್ಲ. ಎರಡನೇ ಕೋಣೆಯಲ್ಲಿ ಕುಳಿತು ಪೇಪರ್ ಓದಿದೆ — ಜಾಹೀರಾತುಗಳನ್ನೂ.

ಸಾಯಂಕಾಲ ಎದ್ದು ಸಕ್ಕರೆ ಡಬ್ಬ ಹುಡುಕಿದಳು. ನೆಂಟರ ಮನೆಯಲ್ಲಿ ಹುಡುಕುವ ಹಾಗೆ, ಒಂದೊಂದೇ ಬಾಗಿಲು ತೆಗೆದು. ನಾನೇ ಜಾಗ ಬದಲಾಯಿಸಿದ್ದೆ, ಅವಳ ತಪ್ಪೇನಿಲ್ಲ.

ಏಪ್ರಿಲ್ 9, ಬುಧವಾರ

ಅಂಗಡಿ ಯಜಮಾನರಲ್ಲಿ ಮೂರು ದಿನ ರಜೆ ಕೇಳಿದೆ. ಕನ್ನಡಕದ ಮೇಲಿಂದ ನೋಡಿದರು. “ಊರಿಗಾ?” “ಹೆಂಡ್ತಿ ಹತ್ರ ಸರ್.” “ಮತ್ತೆ ಇಲ್ಲಿರೋದು ಯಾರ ಹತ್ರ?” ರಜೆ ಮಾತ್ರ ಕೊಟ್ಟರು.

ಅವಳಿಗೆ ಹೇಳದೆ ಹೋಗುತ್ತೇನೆ.

ಏಪ್ರಿಲ್ 10, ಅವಳ ಅಕ್ಕನ ಮನೆ

ಬಾಗಿಲು ತೆರೆದೇ ಇತ್ತು. ಅತ್ತಿಗೆ, ಷಡ್ಡಕ, ಇಬ್ಬರು ಹೆಣ್ಣುಮಕ್ಕಳು, ಮಧ್ಯದಲ್ಲಿ ಇವಳು — ನೆಲದ ಮೇಲೆ ಕ್ಯಾರಂ. ಇವಳು ಕೆಂಪು ಕಾಯಿ ಹಾಕಿ ಕಿರುಚುತ್ತಿದ್ದಳು. ಅಷ್ಟು ಜೋರಾಗಿ ನಕ್ಕದ್ದು ನೋಡಿ ಎಷ್ಟು ಕಾಲವಾಯಿತೋ.

ನನ್ನನ್ನು ಕಂಡು ನಗು ನಿಂತಿತು. ಒಂದು ಕ್ಷಣ ಅಷ್ಟೆ. “ಏನ್ರೀ, ಎಲ್ಲ ಸರಿಯಾಗಿದೆ ತಾನೆ?”

“ಯಾಕೆ, ಸರಿಯಾಗಿದ್ದರೆ ಬರಬಾರದಾ?”

ಅತ್ತಿಗೆ ತಟ್ಟೆ ತಂದರು. ಷಡ್ಡಕ ಸರಿದು ಜಾಗ ಕೊಟ್ಟ. ಮಂಡಿಗೆ ಮಂಡಿ ತಾಗುವಷ್ಟೇ ಜಾಗ. ಎರಡು ಸಲ ಬಡಿಸಿಕೊಂಡೆ.

ಏಪ್ರಿಲ್ 13, ಭಾನುವಾರ. ಮನೆಯಲ್ಲಿ

ಶುಕ್ರವಾರ ಸಾಯಂಕಾಲವೇ ಎದೆ ಬಿಗಿಯಿತು. ರಸ್ತೆಯ ಹೊಗೆ ಕಿಟಕಿಯಿಂದ ನೇರ ಒಳಗೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ವಾಪಸ್ ಕಳಿಸುತ್ತಾರೆಂದು. ಎಂಟರ ಹೊತ್ತಿಗೆ ಗೋಡೆ ಹಿಡಿದು ನಿಂತೆ. ಇನ್ಹೇಲರ್ ಸಾಲಲಿಲ್ಲ. ಅವಳದೇ ಆಸ್ಪತ್ರೆಗೆ ನಡೆಸಿಕೊಂಡು ಹೋದರು, ಷಡ್ಡಕ ಒಂದು ಕಡೆ, ಅವಳು ಒಂದು ಕಡೆ. ಮೂಗಿಗೆ ಮಾಸ್ಕ್.

ನಿನ್ನೆ ಟ್ರೈನಿನಲ್ಲಿ ಕರೆತಂದಳು. ಅರ್ಧ ದಾರಿಯಲ್ಲಿ ಅವಳೇ ಶುರು ಮಾಡಿದಳು —

“ನೀವು ಅಲ್ಲಿ ಇರೋಕಾಗಲ್ಲ. ನಾನು ದಿನಾ ಮನೆಯಿಂದ ಓಡಾಡೋಕಾಗಲ್ಲ. ಏನ್ಮಾಡೋಣ ಹೇಳಿ.”

“ಕೆಲಸ ಬಿಟ್ಟುಬಿಡು.”

“ಬಿಟ್ಟರೆ ಆ ಮನೆ ಬಾಡಿಗೆ? ನಿಮ್ಮೊಬ್ಬರ ಸಂಬಳದಲ್ಲಿ ಆಗುತ್ತಾ?” ಕಿಟಕಿಯ ಕಡೆ ತಿರುಗಿದಳು. “ನಾವು ಆರಾಮಾಗಿ ಇರೋಣ ಅಂತ ಹಿಡಿದ ಮನೆ. ಅದಕ್ಕೆ ದುಡಿಯೋದೇ ಆಯ್ತು. ಇರೋದು ಯಾವಾಗ?”

ಇವತ್ತು ಮಧ್ಯಾಹ್ನ ಹೋದಳು. ಬಾಲ್ಕನಿಯಲ್ಲಿ ನಿಂತು ತಿರುವಿನವರೆಗೂ ನೋಡಿದೆ. ಉಸಿರು ಸಲೀಸಾಗಿತ್ತು. ಅದಕ್ಕೇ ಸಿಟ್ಟು ಬಂತು.

ಮೇ 6, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಅಂಗಡಿ, ಮನೆ, ಅಂಗಡಿ. ಲೆನ್ಸ್ ಉಜ್ಜುವ ಮೆಷಿನ್ ಆಫ್ ಮಾಡಿದ ಮೇಲೆ ಯಾರ ಜೊತೆಗೂ ಮಾತಿಲ್ಲ.

ಇವತ್ತು ಮಾತ್ರ ಒಂದು ಕೆಲಸ ಮಾಡಿದೆ. ನೀರಿನ ಟ್ಯಾಂಕಿನ ಹಿಂದೆ ಒಂದೇ ಕೋಣೆಯ ಮನೆ ಖಾಲಿ ಇದೆ. ಅಡುಗೆಗೆ ಒಂದು ಮೂಲೆ. ಬಾಲ್ಕನಿ ಇಲ್ಲ. ಗಾಳಿ ಇದೇ ಗಾಳಿ. ಅವಳನ್ನು ಕೇಳಲಿಲ್ಲ. ಅಡ್ವಾನ್ಸ್ ಕೊಟ್ಟು ಬಂದೆ.

ಮೇ 7

ಫೋನ್ ಮಾಡಿದೆ. ಬಾ ಎನ್ನಲಿಲ್ಲ. ಹಾಗೆ ಕರೆಯುವ ಹಕ್ಕು ನನಗಿಲ್ಲ ಅನ್ನಿಸಿತು. “ಹೊಸ ಮನೆ ಬಾಡಿಗೆ ನನ್ನ ಸಂಬಳದಲ್ಲೇ ಆಗುತ್ತೆ. ನೀನು ಇನ್ನು ಬಾಡಿಗೆಗೋಸ್ಕರ ದುಡೀಬೇಕಾಗಿಲ್ಲ” ಎಂದಷ್ಟೇ ಹೇಳಿದೆ.

ಒಂದೇ ಕೋಣೆ, ಬಾಲ್ಕನಿ ಇಲ್ಲ ಎಂದು ಆಮೇಲೆ ಸೇರಿಸಿದೆ.

“ಬಟ್ಟೆ ಒಣಗಿಸೋಕೆ ಜಾಗ ಇದೆಯಾ?” ಅಂದಳು.

ಮೇ 18, ಭಾನುವಾರ

ಸಾಮಾನು ಸಾಗಿಸಿದ್ದಾಯಿತು. ಸೋಫಾಗೆ ಜಾಗ ಸಾಲಲಿಲ್ಲ, ಓನರ್ ಅಮ್ಮನಿಗೇ ಬಿಟ್ಟೆ. “ಸಣ್ಣ ಮನೆಗೆ ಹೋಗ್ತಿದ್ದೀಯ, ಮುಖ ಮಾತ್ರ ಅರಳಿದೆಯಲ್ಲಪ್ಪಾ” ಅಂದರು. ಅವಳಿಗೆ ಶಿಫ್ಟ್, ಬರಲಾಗಲಿಲ್ಲ. ಒಬ್ಬನೇ ಮಂಚ ಜೋಡಿಸಿದೆ. ಮೊದಲ ರಾತ್ರಿ ಭಯ — ಇಷ್ಟು ಸಣ್ಣ ಕೋಣೆಯೂ ಖಾಲಿ ಕಾಣುತ್ತದಲ್ಲ.

ಮೇ 28, ಬುಧವಾರ

ಅಂಗಡಿಯಿಂದ ಬಂದಾಗ ಹೊಸಿಲಿನ ಮೇಲೆ ಕುಳಿತಿದ್ದಳು. ಕೀಲಿ ಇರಲಿಲ್ಲವಲ್ಲ. ಪಕ್ಕದಲ್ಲಿ ದೊಡ್ಡ ಸೂಟ್‌ಕೇಸ್.

“ಕೆಲಸ ಬಿಟ್ಟಿಲ್ಲ” — ಮೊದಲ ಮಾತು ಅದೇ. “ಆ ಕೆಲಸ ನನಗಿಷ್ಟ ರೀ. ವಾರಕ್ಕೆ ಮೂರು ದಿನ ಕೊಡಿ, ಸಂಬಳ ಅರ್ಧ ಮಾಡಿ ಅಂತ ಕೇಳಿದೆ. ಒಪ್ಪಿದ್ದಾರೆ. ಆ ಮೂರು ದಿನ ಅಕ್ಕನ ಮನೆ. ಮಿಕ್ಕಿದ್ದು ಇಲ್ಲಿ. ಆಗುತ್ತಾ?”

ಆಗುತ್ತೆ ಅಂದೆ. ಬೀಗ ತೆಗೆದು ಸೂಟ್‌ಕೇಸ್ ಒಳಗಿಟ್ಟೆ.

ಕೋಣೆ ಪೂರ್ತಿ ನೋಡಲು ಅವಳಿಗೆ ಒಂದು ಸುತ್ತು ತಿರುಗಿದರೆ ಸಾಕಾಯಿತು. “ಇಷ್ಟೇನಾ?” ಎಂದು ನಕ್ಕಳು. ಒಂಬತ್ತೂ ಆಗಿಲ್ಲ, ಮಲಗಿಬಿಟ್ಟಿದ್ದಾಳೆ. ಬೆಳಕು ಕಣ್ಣಿಗೆ ಬೀಳುತ್ತಿದೆ, ಕೈ ಅಡ್ಡ ಇಟ್ಟುಕೊಂಡಿದ್ದಾಳೆ. ಎದ್ದು ಹೋಗಿ ಬರೆಯೋಣ ಎಂದರೆ ಇನ್ನೊಂದು ಕೋಣೆ ಇಲ್ಲ. ದೀಪ ಆರಿಸಬೇಕು. ಬರೆಯುವುದು ಇನ್ನೂ ಇತ್ತು, ಆದರೆ —