ಅಮ್ಮ ಹೊಡೆದುಹಾಕಿದ ಎರಡು ಸಾಲು

ಮನೆಯಿಂದ,
ಮಾರ್ಚ್ ೧೪, ಸಂಜೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯಪ್ಪಾ? ಸೊಸೆಯ ಬೆನ್ನುನೋವು ಕಡಿಮೆಯಾಯಿತೇ? ಆ ಚಳಿಯಲ್ಲಿ ಮಗುವಿನ ಕಿವಿ ಮುಚ್ಚದೆ ಹೊರಗೆ ಕಳಿಸಬೇಡಿ. ನಾನು ಗುಂಡುಕಲ್ಲಿನಂತಿದ್ದೇನೆ. ಸಿಟ್ಟೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ, ಆ ಸಿಟ್ಟು ನಿನ್ನ ಮೇಲೆ.

ಬಂದು ನಮ್ಮ ಜೊತೆಗೇ ಇರಮ್ಮಾ ಎಂದು ನೀನು ಕರೆದೆ ಎಂದೇ ನಿನ್ನೆ ನೀನಿರುವ ದೇಶದ ವೀಸಾ ಕಚೇರಿಗೆ ಹೋದೆ. ನಮ್ಮ ದೇಶದ ರಾಯಭಾರ ಕಚೇರಿಯಲ್ಲಿರುವ ಅಧಿಕಾರಿಯ ತಾಯಿ ಎಂದು ಅಲ್ಲಿ ಯಾರೂ ಮಣೆ ಹಾಕಲಿಲ್ಲ. ಮೂರು ಗಂಟೆ ಕಾಯಿಸಿ, ಗಾಜಿನ ಕಿಂಡಿಯಾಚೆಯ ಹುಡುಗಿ ನೀನು ತುಂಬಿ ಕಳಿಸಿದ್ದ ಅರ್ಜಿಯನ್ನು ಮುಂದೆ ತಳ್ಳಿ, "ಓದ್ಕೊಂಡು ಸೈನ್ ಮಾಡಿ ಅಜ್ಜೀ" ಎಂದಳು. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳಿಗೆ ಓದು ಎಂದರೆ ಸುಮ್ಮನಿರುತ್ತೇನೆಯೇ? ಏನು ಬರೆದಿದ್ದೀಯೋ ಮಹಾರಾಯ! "ನನ್ನ ತಾಯಿ ಒಬ್ಬರೇ ಇರಲಾರರು. ಸ್ನಾನಕ್ಕೂ ಊಟಕ್ಕೂ ಮತ್ತೊಬ್ಬರ ಆಸರೆ ಬೇಕು." ನನಗೆ ಮೈಯೆಲ್ಲ ಉರಿದುಹೋಯಿತು. ಪೆನ್ನು ತೆಗೆದು ಎರಡು ಸಾಲನ್ನೂ ಹೊಡೆದುಹಾಕಿ, ಅಂಚಿನಲ್ಲಿ "ತಪ್ಪು. ತಾಯಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ" ಎಂದು ಬರೆದು ಕಿರುಸಹಿ ಹಾಕಿದೆ. ನನ್ನ ಹುಟ್ಟಿದ ತಾರೀಖೂ ತಪ್ಪಾಗಿತ್ತು, ಅದನ್ನೂ ತಿದ್ದಿದೆ.

ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದಳು. "ಮಗನ್ನೇ ನಂಬ್ಕೊಂಡಿರೋ ಅಪ್ಪ ಅಮ್ಮಂಗೆ ಮಾತ್ರ ಈ ವೀಸಾ ಅಜ್ಜೀ. ನಿಮಗೆ ಬರಲ್ಲ" ಎಂದು ಅರ್ಜಿಯನ್ನು ವಾಪಸ್ಸು ಕೊಟ್ಟಳು. ಎಂಥ ಕಾನೂನಪ್ಪಾ ಇದು? ಕೈಕಾಲು ಬಿದ್ದುಹೋದ ಮೇಲೆಯೇ ತಾಯಿ ಮಗನ ಮನೆಯಲ್ಲಿರಬೇಕೇ? ಅವರದು ಹಾಳಾಗಲಿ, ನಿನಗಾದರೂ ಒಂದು ಮಾತು ನನ್ನನ್ನು ಕೇಳಬೇಕು ಎನಿಸಲಿಲ್ಲವೇ? ದಿನವಿಡೀ ಕೂತು ಬೇರೆಯವರ ವೀಸಾ ಅರ್ಜಿಗಳಲ್ಲಿ ಸುಳ್ಳು ಹುಡುಕುವವನು, ಹೆತ್ತ ತಾಯಿಯ ಅರ್ಜಿಯಲ್ಲಿ ಸುಳ್ಳು ತುಂಬಿದೆಯಲ್ಲೋ! ನಾಚಿಕೆಯಾಗಬೇಕು ನಿನಗೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ಸೊಸೆಗೂ ಮಗುವಿಗೂ ನನ್ನ ಆಶೀರ್ವಾದ. ನಿನಗೂ ಇದೆ, ಬೈದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಇಂತಿ,
ನಿನ್ನ ಅಮ್ಮ

ಹೇಳುವುದು ಮರೆತೆ: ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಜಾರಿಬಿದ್ದೆ. ಮೂಳೆ ಮುರಿದಿಲ್ಲ, ಆದರೆ ಏಳಲು ಆಗಲಿಲ್ಲ. ಎದುರುಮನೆಯ ಟೈಲರ್ ನನ್ನ ಕೂಗು ಕೇಳಿ ಬಾಗಿಲು ಒಡೆದು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇದು ಮೂರನೇ ಸಲ. ಮೊದಲೆರಡು ಸಲದ್ದು ನಿನಗೆ ಹೇಳಿರಲಿಲ್ಲ. ಅರ್ಜಿ ಮತ್ತೆ ಹಾಕು ಪುಟ್ಟಾ, ಬೇಗ. ಒಬ್ಬಳೇ ಇರಲು ಭಯವಾಗುತ್ತದೆ.