ರಾಜಿಯ ಮೂರನೆಯ ರಿಪೋರ್ಟು

ಇಂಡಿ
೧೯ ಅಕ್ಟೋಬರ್ ೨೦೦೬

ಶ್ರೀಶೈಲ ಅವರಿಗೆ ವಿಜಯಲಕ್ಷ್ಮಿಯ ನಮಸ್ಕಾರ.

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಹುಬ್ಬು ಗಂಟಿಕ್ಕಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕಿ.

ಕೆಲಸ ಕಲಿಯುತ್ತೇನೆಂದು ನಾನು ಹೊಸ್ತಿಲು ದಾಟಿದಾಗ, ಮಗಳು ಮಾತ್ರ ಇಲ್ಲೇ ಇರುತ್ತಾಳೆ ಎಂದಿರಿ. ಆ ಕೆಲಸ ಇದೇ, ಇಲ್ಲಿ ಇಂಡಿಯ ಲ್ಯಾಬಿನಲ್ಲಿ ರಕ್ತಪರೀಕ್ಷೆ. ನಿಮ್ಮ ಚಡಚಣದ ದವಾಖಾನೆಯಿಂದ ಪರೀಕ್ಷೆಯ ರಕ್ತದ ಬಾಟಲಿಗಳನ್ನು ಕಂಡಕ್ಟರ್ ಧೂಳಪ್ಪ ಬೆಳಗಿನ ಬಸ್ಸಿನಲ್ಲಿ ತರುತ್ತಾನೆ. ಹೋದ ವಾರ ಒಂದರ ಮೇಲೆ ‘ರಾಜೇಶ್ವರಿ ಶ್ರೀಶೈಲ, ಏಳು ವರ್ಷ, ಡೆಂಗಿ ಶಂಕೆ’ ಎಂದಿತ್ತು. ನನ್ನ ಮಗಳಿಗೆ ಜ್ವರ ಬಂದದ್ದು ನನಗೆ ಆ ಚೀಟಿಯಿಂದ ಗೊತ್ತಾಯಿತು.

ಮೊದಲ ದಿನ ಹಿಮೋಗ್ಲೋಬಿನ್ ಹತ್ತೂವರೆ. ಮರುದಿನ ಹನ್ನೆರಡು, ಮೈತುಂಬ ರಕ್ತ ಬಂತೆಂದು ನಾನೂ ಹಿಗ್ಗಿದೆ, ಹುಚ್ಚಿ. ಮೂರನೆಯ ದಿನ ಹದಿನಾಲ್ಕು, ಪ್ಲೇಟ್‌ಲೆಟ್ ಮಾತ್ರ ಲಕ್ಷದಿಂದ ಇಪ್ಪತ್ತೆಂಟು ಸಾವಿರಕ್ಕೆ ಇಳಿದಿತ್ತು. ಆಗ ಹೊಳೆಯಿತು. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರು ಸೋರಿ ರಕ್ತ ಮಂದವಾದರೂ ಅಂಕಿ ಹೀಗೇ ಏರುತ್ತದೆ, ಅದೂ ಜ್ವರ ಇಳಿದ ಹೊತ್ತಿಗೇ.

ರಿಪೋರ್ಟು ಹನ್ನೊಂದಕ್ಕೆ ಸಿದ್ಧವಾಯಿತು. ಕೂಡಲೇ ದವಾಖಾನೆಗೆ ಫೋನು ಮಾಡಿದೆ. ಡಾಕ್ಟರು ಊಟಕ್ಕೆ ಹೋಗಿದ್ದರು, ನರ್ಸು ಫೋನನ್ನು ನಿಮ್ಮ ಕೈಗೇ ಕೊಟ್ಟಳು. ಲ್ಯಾಬಿನವಳು ಎಂದೆ, ದನಿ ನಿಮಗೆ ಗುರುತಾಗಲಿಲ್ಲ. ಜ್ವರ ಬಿಟ್ಟಿದೆ, ಮನೆಗೆ ಹೊರಟಿದ್ದೇವೆ, ನಿನ್ನೆಯ ರಿಪೋರ್ಟು ಕೇಳಿ ಮೊಮ್ಮಗಳಿಗೆ ರಕ್ತ ಹೆಚ್ಚಿತೆಂದು ಅವ್ವ ಸಕ್ಕರೆ ಹಂಚಿದ್ದಾಳೆ ಎಂದಿರಿ.

“ರಕ್ತ ಹೆಚ್ಚಾಗಿಲ್ರಿ, ಗಟ್ಟಿ ಆಗೈತಿ. ಮನಿಗಿ ಒಯ್ಯಬ್ಯಾಡ್ರಿ, ಈಗಿಂದೀಗ ಸೋಲಾಪುರಕ್ಕ ಒಯ್ರಿ” ಎಂದೆ.

“ಹೂಂನ್ರಿ ಬಾಯಾರ” ಎಂದಿರಿ. ಐದು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ನೀವು ಒಮ್ಮೆಯೂ ಹೂಂ ಅಂದವರಲ್ಲ.

ಆಮೇಲೆ ಐದು ದಿನ ಅವಳ ಬಾಟಲಿ ಬರಲಿಲ್ಲ. ಬಸ್ಸು ಬಂದಾಗಲೆಲ್ಲ ಧೂಳಪ್ಪನ ಚೀಲಕ್ಕೆ ನಾನೇ ಕೈಹಾಕಿ ಹುಡುಕಿದೆ. ಯಾರನ್ನು ಕೇಳಲಿ, ಕೇಳಲು ನಾನು ಯಾರು? ಒಬ್ಬಳಿಗೇ ಅನ್ನ ಮಾಡಿ, ಉಣ್ಣದೆ ಮುಚ್ಚಿಟ್ಟೆ. ನಿನ್ನೆ ಧೂಳಪ್ಪ ಸುದ್ದಿ ತಂದ: ಸೋಲಾಪುರದಲ್ಲಿ ಸಲೈನ್ ಹಚ್ಚಿ ಉಳಿಸಿದರಂತೆ, ಹುಡುಗಿ ಮನೆಗೆ ಬಂದಿದ್ದಾಳಂತೆ. ಅವನ ಮುಂದೆಯೇ ಅತ್ತುಬಿಟ್ಟೆ.

ತಿಂಗಳಾದ ಮೇಲೆ ಇನ್ನೊಮ್ಮೆ ರಕ್ತ ನೋಡೋಣ. ಬಸ್ಸಿನಲ್ಲಿ ಕಳಿಸಬೇಡಿ, ಅವಳನ್ನೇ ಕರೆತನ್ನಿ. ಹೀಗೆಂದು ಯಾವ ಡಾಕ್ಟರೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಇಂತಿ,
ರಾಜಿಯ ಅವ್ವ
ವಿಜಯಲಕ್ಷ್ಮಿ

ತಾ.ಕ.: ಕೂಡಲೇ ಫೋನು ಮಾಡಿದೆ ಎಂದದ್ದು ಸುಳ್ಳು. ಮಾಡಿದ್ದು ಎರಡು ಗಂಟೆಗೆ. ಫೋನಿಗೆ ನೀವೇ ಸಿಕ್ಕು ದನಿ ಗುರುತು ಹಿಡಿದರೆ ನಾಳೆಯಿಂದ ರಕ್ತ ಬೇರೆ ಲ್ಯಾಬಿಗೆ ಹೋಗುತ್ತದೆ, ಅವಳ ಬಾಟಲಿಯೂ ನನ್ನ ಪಾಲಿಗಿಲ್ಲ ಎಂದು ಮೂರು ತಾಸು ಸುಮ್ಮನೆ ಕೂತಿದ್ದೆ. ಇದನ್ನು ಓದಿಯೂ ಕರೆತರುವ ಮನಸ್ಸಿದ್ದರೆ ಕರೆತನ್ನಿ.