ನಾಲ್ಕು ಐವತ್ತಕ್ಕೆ ಬದಲಾದ ಬ್ರಾಂಚು

ಅಪ್ಪಾ,

ಅಡುಗೆ ಆಗಿದೆ, ಬಿಸಿ ಮಾಡ್ಕೊಂಡು ತಿನ್ನು. ಬಿಪಿ ಮಾತ್ರೆ ಮರೀಬೇಡ. ಬಚ್ಚಲ ನಲ್ಲಿಗೆ ವಾಷರ್ ಹಾಕಿದ್ದೀನಿ, ಇನ್ನು ತೊಟ್ಟಿಕ್ಕಲ್ಲ.

ನಿನ್ನನ್ನ ಎಬ್ಬಿಸದೆ ಕಾಲೇಜಿಗೆ ಹೊರಟಿದ್ದು ಬೇಕಂತಲೇ. ಬ್ರಾಂಚು ಆರಿಸೋ ಗಡುವು ನಿನ್ನೆ ಐದಕ್ಕೆ ಮುಗೀತು. ಮಧ್ಯಾಹ್ನವೇ ಕಾಲೇಜಿನ ವೆಬ್‌ಸೈಟಲ್ಲಿ ಮೆಕ್ಯಾನಿಕಲ್ ಅಂತ ತುಂಬಿದ್ದೆ. ನಾಲ್ಕು ಐವತ್ತಕ್ಕೆ ಅದು ಕಂಪ್ಯೂಟರ್ ಆಗಿದೆ. ನಾನಾಗ ಬಸ್ಸಲ್ಲಿದ್ದೆ. ಪಾಸ್‌ವರ್ಡ್ ನಿನ್ನನ್ನ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ.

"ಮೊದಲ ವರ್ಷ ಎಲ್ಲಾನೂ ಮುಟ್ಟಿ ನೋಡು, ಆಮೇಲೆ ನಿನಗೆ ಬೇಕಾದ್ದು ತಗೋ, ನಾನು ಅಡ್ಡ ಬರಲ್ಲ" ಅಂದವನು ನೀನೇ. ಹಾಗೇ ಮಾಡಿದೆ. ಸಿಮೆಂಟು ಕಲಸಿದೆ, ವೈರು ಸುಟ್ಟೆ, ಪ್ರೋಗ್ರಾಮೂ ಬರೆದೆ. ಕಬ್ಬಿಣ ಕಡೆಯೋ ಲೇತ್ ಮುಂದೆ ನಿಂತಾಗ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಬಂದು ಹೇಳಿದಾಗ ನೀನು ನಕ್ಕೆ. ಆ ನಗುವನ್ನ ನಂಬಿದೆ ನೋಡು, ನನಗೆ ಬುದ್ಧಿ ಇಲ್ಲ.

ಅದೇ ಲೇತ್ ಮುಂದೆ ಮೂವತ್ತು ವರ್ಷ ನಿಂತು ನಿನ್ನ ಸೊಂಟ ಬಿದ್ದು ಹೋಗಿದೆ, ಗೊತ್ತು. ದಿನಾ ಎಣ್ಣೆ ತಿಕ್ಕೋಳು ನಾನೇ. ನನಗೂ ಹಾಗಾಗಬಾರದು ಅಂತ ಬಾಯಿಬಿಟ್ಟು ಹೇಳಿದ್ದರೆ ಜಗಳ ಆಡ್ತಿದ್ದೆವು, ಅಷ್ಟೇ. ಕದ್ದು ಯಾಕೆ ಮಾಡಿದೆ?

ತಿದ್ದುಪಡಿ ಅರ್ಜಿ ಮೇಜಿನ ಮೇಲಿದೆ. ಹಾರದಿರಲಿ ಅಂತ ಮೇಲಿಟ್ಟಿರೋದು ನಾನು ವರ್ಕ್‌ಶಾಪಲ್ಲಿ ಅರ ಉಜ್ಜಿ ಮಾಡಿದ ಕಬ್ಬಿಣದ ತುಂಡು. "ನನ್ನ ಕೈಗಿಂತ ನಿನ್ನ ಕೈ ವಾಸಿ" ಅಂದಿದ್ದೆಯಲ್ಲ, ಅದೇ.

ಅರ್ಜಿಗೆ ನಿನ್ನ ಸಹಿ ಬೇಕಂತೆ. ಪ್ರಿನ್ಸಿಪಾಲರು ಮೂರರ ತನಕ ಇರ್ತಾರೆ. ಹಾಕೋದಾದರೆ ನೀನೇ ತಗೊಂಡು ಬಾ, ಗೇಟಿನ ಹತ್ತಿರ ಕಾಯ್ತಿರ್ತೀನಿ.

ಪಾಸ್‌ವರ್ಡ್ ಬದಲಾಯಿಸಿದ್ದೀನಿ. ಇಷ್ಟು ದಿನ ನೀನು ಹುಟ್ಟಿದ ತಾರೀಖು ಇತ್ತು.